ಕತ್ತಿ ಅದ್ದಿ ನೋಡಿದ ಹಾಗೆ: ಲೋಹದ ನ್ಯಾನೋ ಪುಡಿ ಮತ್ತು ನೀರಿನ ಪಾಚಿ

(ಶಿರಸಿ ಸೀಮೆಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ತರುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಾಚಿ ಅಂದರೆ ಏನು ಅಂತ ಈ ಊರಿನವರಿಗೆ ನಾನು ಹೇಳಬೇಕಿಲ್ಲ. ಆಷಾಢದಲ್ಲಿ ಅಂಗಳಕ್ಕೆ ಕಾಲಿಟ್ಟರೆ ಸಾಕು. ಜಾರಬಾರದು ಅಂತ ಅಡಿಕೆ ದಬ್ಬೆ ಹಾಸುತ್ತೇವೆ. ಬ್ಲೀಚಿಂಗ್ ಪೌಡರ್ ಉದುರಿಸಿ ತಿಕ್ಕುತ್ತೇವೆ. ಅಂಥ ಊರಿನಲ್ಲಿ ನಿಂತು 'ಪಾಚಿಗೆ ವಿಷವಾಗುತ್ತಿದೆ' ಅಂದರೆ, 'ಆಗಲಿ ಬಿಡಿ, ಒಳ್ಳೆಯದೇ ಆಯಿತಲ್ಲ' ಅಂತ ನಿಮಗೆ ಅನ್ನಿಸಬಹುದು.

ನಾನು ಹೇಳುವ ಪಾಚಿ ಬೇರೆ. ಅದು ಕೆರೆ, ಹೊಳೆ, ಸಮುದ್ರದಲ್ಲಿ ತೇಲುತ್ತಾ ಇರುತ್ತದೆ. ಒಂದೇ ಜೀವಕೋಶ. ಬರಿಗಣ್ಣಿಗೆ ಕಾಣುವುದಿಲ್ಲ. ತುಂಬಾ ಜಾಸ್ತಿ ಆದಾಗ ಮಾತ್ರ ನೀರು ಹಸಿರಾಗಿ ಕಾಣುತ್ತದೆ. ಬಿಸಿಲು ಕುಡಿದು ಆಹಾರ ಮಾಡುವ ಕೆಲಸ ಇಡೀ ಭೂಮಿಯ ಮೇಲೆ ಎಷ್ಟು ನಡೆಯುತ್ತದೋ ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರಿನಲ್ಲಿ ತೇಲುವ ಇಂಥ ಸಣ್ಣ ಜೀವಿಗಳದ್ದು. ಅವನ್ನು ನೀರಿನ ಚಿಕ್ಕ ಹುಳುಗಳು ತಿನ್ನುತ್ತವೆ. ಹುಳುಗಳನ್ನು ಮರಿ ಮೀನು ತಿನ್ನುತ್ತದೆ. ನಮ್ಮ ತಟ್ಟೆಯ ಬಂಗುಡೆಯೂ ಕೊನೆಗೆ ಅಲ್ಲಿಂದಲೇ ಬರುತ್ತದೆ.

ಈ ಗುಂಪಿನಲ್ಲಿ ಒಂದರ ಪರಿಚಯ ಮಾಡಿಕೊಡುತ್ತೇನೆ. ನನಗೆ ಇದರ ಮೇಲೆ ತುಂಬಾ ಪ್ರೀತಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿದಿಗೆ ಚಂದ್ರನ ಹಾಗೆ ಬಾಗಿದ ಹಸಿರು ಕೋಶ. ನಾರ್ವೆ ದೇಶದ ನಿಟೆಲ್ವಾ ಅನ್ನುವ ನದಿಯಿಂದ 1959ರಲ್ಲಿ ಓಲಾವ್ ಸ್ಕುಲ್‌ಬರ್ಗ್ ಅನ್ನುವ ವಿಜ್ಞಾನಿ ಇದನ್ನು ಬೇರೆ ಮಾಡಿ ಬೆಳೆಸಿದರು. ಆ ತಳಿ ಇವತ್ತಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಹೆಸರು ಎರಡು ಸಲ ಬದಲಾಗಿ ಈಗ ರಫಿಡೋಸೆಲಿಸ್ ಸಬ್‌ಕ್ಯಾಪಿಟಾಟಾ ಅನ್ನುತ್ತಾರೆ. ಹೊಸ ರಾಸಾಯನಿಕ ಬಂದರೆ ನೀರಿಗೆ ಅದರಿಂದ ಏನಾಗುತ್ತದೆ ಅಂತ ಮೊದಲು ಕೇಳುವುದು ಇದನ್ನೇ. ಫ್ಲಾಸ್ಕಿನಲ್ಲಿ ಪಾಚಿ ಬಿಟ್ಟು, ರಾಸಾಯನಿಕ ಹಾಕಿ, ಬೆಳಕಿನಲ್ಲಿಟ್ಟು, 72 ಗಂಟೆ ಕಾಯುತ್ತಾರೆ. ಏನೂ ಹಾಕದ ಫ್ಲಾಸ್ಕಿಗಿಂತ ಬೆಳವಣಿಗೆ ಎಷ್ಟು ಕಡಿಮೆಯಾಯಿತು ಅಂತ ಅಳೆಯುತ್ತಾರೆ. ಬೆಳವಣಿಗೆ ಅರ್ಧಕ್ಕೆ ಇಳಿಯಲು ಎಷ್ಟು ಬೇಕಾಯಿತೋ ಅದೇ ಮುಖ್ಯ ಅಂಕಿ. ನಾನು ಮುಂದೆ ಹೇಳುವ ಅಂಕಿಗಳೆಲ್ಲ ಇಂಥವೇ.

ಇನ್ನು ನ್ಯಾನೋ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ನ್ಯಾನೋ ಕಣ ಅನ್ನುತ್ತಾರೆ. ನಮ್ಮ ಬಿದಿಗೆ ಚಂದ್ರನ ಉದ್ದ ಸುಮಾರು 10 ಸಾವಿರ ನ್ಯಾನೋಮೀಟರ್. ಕಣ 30 ನ್ಯಾನೋಮೀಟರ್ ಅಂತ ಇಟ್ಟುಕೊಳ್ಳಿ. ಪಾಚಿ ನಿಮ್ಮೂರಿನ ಬಸ್ಸಿನಷ್ಟು ಇದ್ದರೆ ಕಣ ಒಂದು ಸುಲಿದ ಅಡಿಕೆಯಷ್ಟು.

ಇಷ್ಟು ಸಣ್ಣದಾದರೆ ಏನು ಬದಲಾಗುತ್ತದೆ? ಮೈ ಬದಲಾಗುತ್ತದೆ. ಒಂದು ಸೆಂಟಿಮೀಟರ್ ಉದ್ದ ಅಗಲ ಎತ್ತರದ ಒಂದು ತುಂಡು ತೆಗೆದುಕೊಳ್ಳಿ. ಅದರ ಆರು ಮುಖ ಸೇರಿಸಿದರೆ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ತುಂಡುಗಳಾಗಿ ಕತ್ತರಿಸುತ್ತಾ ಹೋದರೆ, ಎಲ್ಲ ಮುಖ ಸೇರಿ 600 ಚದರ ಮೀಟರ್. ಅಂದರೆ ಸುಮಾರು 6 ಗುಂಟೆ ಜಾಗ. ವಸ್ತು ಅಷ್ಟೇ, ತೂಕ ಅಷ್ಟೇ. ನೀರಿಗೆ ತಾಗುವ ಮೈ ಮಾತ್ರ 6 ಗುಂಟೆ. ಕರಗುವುದು, ಅಂಟುವುದು, ಬೆಳಕು ಹೀರುವುದು ಎಲ್ಲ ನಡೆಯುವುದು ಈ ಮೈ ಮೇಲೆ.

ನಾನು ಹೇಳಬೇಕೆಂದಿರುವ ಪುಡಿಗಳು ಮೂರು: ತಾಮ್ರದ ಆಕ್ಸೈಡ್, ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್. ಮೂರಕ್ಕೂ ಸೇರಿಸಿ 'ನ್ಯಾನೋ ಅಂದರೆ ವಿಷ' ಅನ್ನುವವರಿದ್ದಾರೆ. 'ಏನೂ ಆಗೋದಿಲ್ಲ, ಸುಮ್ನೆ ಹೆದರಿಸ್ತಾರೆ' ಅನ್ನುವವರೂ ಇದ್ದಾರೆ. ಇಬ್ಬರೂ ಪಾಚಿಯ ಹತ್ತಿರ ಹೋಗಿ ನೋಡಿಲ್ಲ ಅಂತ ನನಗೆ ಅನ್ನಿಸುತ್ತದೆ. ಮೂರು ಪುಡಿಗಳೂ ಪಾಚಿಗೆ ತೊಂದರೆ ಕೊಡುವ ದಾರಿ ಬೇರೆ ಬೇರೆ.

ತಾಮ್ರದಿಂದ ಶುರು ಮಾಡುತ್ತೇನೆ. ಇಲ್ಲಿ ಕೂತವರಲ್ಲಿ ಅರ್ಧ ಜನ ಮಳೆಗಾಲಕ್ಕೆ ಮುಂಚೆ ಕೊಳೆ ಔಷಧಿ ಕದಡಿದವರೇ. 1 ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಇದನ್ನೇ ಬೋರ್ಡೋ ದ್ರಾವಣ ಅನ್ನುವುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಬರೆದವರು. ಬೋರ್ಡೋ ದ್ರಾವಣವನ್ನು ತೋಟಗಳಿಗೆ ರೂಢಿ ಮಾಡಿಸಲು ದುಡಿದವರು. ಆಗ ನಿಮ್ಮ ಈ ಸೀಮೆ ಮುಂಬೈ ಪ್ರಾಂತದಲ್ಲಿತ್ತು, ಅದು ಬೇರೆ ವಿಷಯ.

ದ್ರಾವಣ ಸರಿಯಾಗಿದೆಯೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ? ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತೀರಿ. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕತ್ತಿ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ತಾಮ್ರ. ನೀರಿನಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿದೆ. ಅಂಥ ದ್ರಾವಣ ಹೊಡೆದರೆ ಎಲೆ ಸುಡುತ್ತದೆ. ಸುಣ್ಣ ಹಾಕಿದರೆ ತಾಮ್ರ ಎಲ್ಲೂ ಹೋಗುವುದಿಲ್ಲ, ಅಷ್ಟೇ ಇರುತ್ತದೆ. ಆದರೆ ಕಣಗಳಲ್ಲಿ ಕಟ್ಟಿಹಾಕಿಕೊಂಡು ಇರುತ್ತದೆ. ಕತ್ತಿ ಕೇಳುವ ಪ್ರಶ್ನೆ 'ಬ್ಯಾರೆಲ್ಲಿನಲ್ಲಿ ತಾಮ್ರ ಎಷ್ಟಿದೆ' ಅಂತ ಅಲ್ಲ. 'ಬಿಡಿ ತಾಮ್ರ ಎಷ್ಟಿದೆ' ಅಂತ.

ಎಸ್ಟೋನಿಯಾ ದೇಶದ ಟ್ಯಾಲಿನ್ ನಗರದ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ನ್ಯಾನೋ ಕಣಕ್ಕೆ ಕೇಳಿದರು. ಅವರ ಕೆಲಸ 2009ರಲ್ಲಿ ಪ್ರಕಟವಾಯಿತು. ನಮ್ಮ ಬಿದಿಗೆ ಚಂದ್ರನ ಪಾಚಿಗೆ ತಾಮ್ರದ ಆಕ್ಸೈಡಿನ ದಪ್ಪ ಪುಡಿ ಹಾಕಿದರು. ಬೆಳವಣಿಗೆ ಅರ್ಧಕ್ಕೆ ಇಳಿಯಲು ಲೀಟರಿಗೆ 11.55 ಮಿಲಿಗ್ರಾಂ ತಾಮ್ರ ಬೇಕಾಯಿತು. ನ್ಯಾನೋ ಪುಡಿ ಹಾಕಿದಾಗ 0.71 ಮಿಲಿಗ್ರಾಂ ಸಾಕಾಯಿತು. 16 ಪಟ್ಟು ಜಾಸ್ತಿ ವಿಷ. ಇಷ್ಟು ಕೇಳಿದರೆ 'ನೋಡಿ, ನ್ಯಾನೋ ಕಣ ಒಳಗೆ ನುಗ್ಗಿ ಕೊಂದಿತು' ಅನ್ನಿಸುತ್ತದೆ ಅಲ್ವಾ?

ಅವರು ಅಲ್ಲಿಗೆ ಬಿಡಲಿಲ್ಲ. ಅವರ ಹತ್ತಿರ ಒಂದು ವಿಶೇಷ ಬ್ಯಾಕ್ಟೀರಿಯಾ ಇತ್ತು. ಜೀವಕೋಶಕ್ಕೆ ಸಿಗುವಂಥ ಬಿಡಿ ತಾಮ್ರ ಇದ್ದರೆ ಮಾತ್ರ ಅದು ಮಿನುಗುತ್ತದೆ. ತಾಮ್ರ ಕಣದಲ್ಲೇ ಕಟ್ಟಿಕೊಂಡಿದ್ದರೆ ಮಿನುಗುವುದಿಲ್ಲ. ನಿಮ್ಮ ಕತ್ತಿ ಮಾಡುವ ಕೆಲಸವನ್ನು ಅಲ್ಲಿ ಈ ಬ್ಯಾಕ್ಟೀರಿಯಾ ಮಾಡಿತು. ಉತ್ತರ ಏನು ಬಂತು ಗೊತ್ತಾ? ನ್ಯಾನೋ ಪುಡಿಯ ತಾಮ್ರದಲ್ಲಿ 25 ಶೇಕಡಾ ಬಿಡಿಯಾಗಿ ಸಿಗುವಂತಿತ್ತು. ದಪ್ಪ ಪುಡಿಯಲ್ಲಿ ಬರೀ 0.18 ಶೇಕಡಾ. ಪಾಚಿಗೆ ಆದ ತೊಂದರೆಗೆ ಆ ಬಿಡಿ ತಾಮ್ರವೇ ಕಾರಣ ಅಂತ ಅವರು ತೀರ್ಮಾನಿಸಿದರು. ಆ 6 ಗುಂಟೆ ಮೈ ಇಲ್ಲಿ ಕೆಲಸ ಮಾಡಿದೆ. ಮೈ ಜಾಸ್ತಿ, ಅದಕ್ಕೇ ಕರಗುವುದು ಜಾಸ್ತಿ.

ಒಳಗೆ ಹೋದ ತಾಮ್ರ ಏನು ಮಾಡುತ್ತದೆ? ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ನಟ್ಟ ನಡುವೆ ಒಂದು ಮೆಗ್ನೀಶಿಯಂ ಇರುತ್ತದೆ. ತಾಮ್ರ ಆ ಜಾಗ ಹಿಡಿಯುತ್ತದೆ. ನೋಡಲು ಹಸಿರೇ. ಬಿಸಿಲು ಹಿಡಿಯುವ ಕೆಲಸ ಮಾತ್ರ ನಿಂತುಹೋಗುತ್ತದೆ. ಜೊತೆಗೆ ಕೋಶದೊಳಗೆ ಆಮ್ಲಜನಕದ ಚುರುಕು ರೂಪಗಳು ಹುಟ್ಟುತ್ತವೆ. ಅವು ಪೊರೆಯನ್ನು, ಪ್ರೋಟೀನನ್ನು ಹಾಳು ಮಾಡುತ್ತವೆ.

ಹಾಗಾದರೆ ಕಣ ಇಡಿಯಾಗಿ ಒಳಗೆ ಹೋಗುವುದೇ ಇಲ್ಲವೇ? ಪಾಚಿಗೆ ಗಟ್ಟಿ ಗೋಡೆ ಇದೆ. ಅದರ ತೂತುಗಳು ಸಾಮಾನ್ಯವಾಗಿ 5ರಿಂದ 20 ನ್ಯಾನೋಮೀಟರ್. ಬಸ್ಸು ಮತ್ತು ಅಡಿಕೆಯ ಲೆಕ್ಕ ನೆನಪಿಸಿಕೊಳ್ಳಿ. ಬಸ್ಸಿನ ಗೋಡೆಯಲ್ಲಿ ಎರಡು ಸೆಂಟಿಮೀಟರ್ ಒಳಗಿನ ತೂತು, ಹೊರಗೆ ಮೂರು ಸೆಂಟಿಮೀಟರ್ ಅಡಿಕೆ. ಅಷ್ಟೇ ಅಲ್ಲ, ನೀರಿಗೆ ಬಿದ್ದ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಹೆಚ್ಚಿನ ಕಣ ಹೊರಗೇ ಉಳಿಯುತ್ತದೆ. ಹೊರಗಿದ್ದುಕೊಂಡೇ ಕೆಲಸ ಮಾಡುತ್ತದೆ.

ಸತುವಿನ ಕಥೆ ಇನ್ನೂ ನೇರ. 2007ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ನ್ಯಾನೋ ಸತುವಿನ ಆಕ್ಸೈಡ್, ದಪ್ಪ ಪುಡಿ, ಪೂರ್ತಿ ಕರಗುವ ಸತುವಿನ ಉಪ್ಪು ಮೂರನ್ನೂ ಇದೇ ಪಾಚಿಗೆ ಹಾಕಿ ನೋಡಿದರು. ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ವಿಷವಾದವು. ಟ್ಯಾಲಿನ್‌ನಲ್ಲಿಯೂ ಹಾಗೇ ಬಂತು. ಲೀಟರಿಗೆ 0.04 ಮಿಲಿಗ್ರಾಂ ಸತು ಸಾಕು, ಬೆಳವಣಿಗೆ ಅರ್ಧ. ನೀವು ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಹಾಕಿದರೂ ಅದೇ ಅಂಕಿ. ಅಷ್ಟು ತೆಳು ಪ್ರಮಾಣದಲ್ಲಿ ಪುಡಿಯೆಲ್ಲ ಕರಗಿಹೋಗುತ್ತದೆ. ಕರಗಿದ ಮೇಲೆ ಅದು ನ್ಯಾನೋ ಆಗಿತ್ತೋ ದಪ್ಪ ಇತ್ತೋ ಪಾಚಿಗೆ ಗೊತ್ತಾಗುವುದಿಲ್ಲ.

ಈ 0.04 ಮಿಲಿಗ್ರಾಂ ಎಷ್ಟು ಕಡಿಮೆ ಅಂತ ನೋಡಿ. 1 ಗ್ರಾಂ ಸತುವನ್ನು 25 ಸಾವಿರ ಲೀಟರ್ ನೀರಿನಲ್ಲಿ ಕದಡಬೇಕು. 6 ಸಾವಿರ ಲೀಟರಿನ ನೀರಿನ ಟ್ಯಾಂಕರ್ ನಾಲ್ಕಕ್ಕಿಂತ ಜಾಸ್ತಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 5 ಮಿಲಿಗ್ರಾಂ ಸತು ಇದ್ದರೂ ಒಪ್ಪುತ್ತಾರೆ. ನಮಗೆ ಅದರಿಂದ ತೊಂದರೆಯಿಲ್ಲ, ಸತು ನಮ್ಮ ಮೈಗೆ ಬೇಕಾದದ್ದೇ. ಪಾಚಿಗೂ ಬೇಕು, ಚೂರು. ಆದರೆ ನಾವು ಧೈರ್ಯವಾಗಿ ಕುಡಿಯುವ ನೀರು ಅದರ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಅಳತೆಯ 125 ಪಟ್ಟು. 'ಕುಡಿಯಲು ಯೋಗ್ಯ' ಅಂತ ಬೋರ್ಡು ಇದ್ದ ಮಾತ್ರಕ್ಕೆ ಆ ನೀರು ಎಲ್ಲ ಜೀವಕ್ಕೂ ಯೋಗ್ಯ ಅಂತ ಅಲ್ಲ. ನನ್ನ ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಕಿ ಇದೇ.

ಇನ್ನು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಬಣ್ಣದಲ್ಲಿ ಇದೆ, ಸನ್‌ಸ್ಕ್ರೀನಿನಲ್ಲಿ ಇದೆ. ಇದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಬಿಡಿ ಲೋಹ ಬರುವ ಮಾತೇ ಇಲ್ಲ. ಹಾಗಾದರೆ ಪಾಚಿಗೆ ಏನೂ ಆಗಬಾರದು.

ನಾನು ಈ ಕೆಲಸ ಕಲಿಯುತ್ತಿದ್ದಾಗ ಮೊದಲ ಸಲ ಹಾಕಿದ್ದು ಈ ಪುಡಿಯನ್ನೇ. ಮೂರು ದಿನದ ನಂತರ ಯಂತ್ರದಲ್ಲಿಟ್ಟು ಬೆಳಕು ಹಾಯಿಸಿ ಅಳೆದೆ. ಪುಡಿ ಹಾಕಿದ ಫ್ಲಾಸ್ಕಿನಲ್ಲಿ ಪಾಚಿ ಜಾಸ್ತಿ ಬೆಳೆದಿದೆ ಅಂತ ತೋರಿಸಿತು. ಒಂದು ದಿನ ಪೂರ್ತಿ ಅದನ್ನು ನಂಬಿದ್ದೆ. ಆಮೇಲೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟೆ. ಕೋಶಗಳು ಕಡಿಮೆ ಇದ್ದವು. ಬಿಳಿ ಪುಡಿಯ ಗಂಟುಗಳು ಎಲ್ಲೆಲ್ಲೂ. ಗಂಟಿನೊಳಗೆ ಚಂದ್ರನ ತುದಿಗಳು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು. ಕೆಸರಿನಲ್ಲಿ ಹೂತ ಎಲೆಯ ಹಾಗೆ. ಯಂತ್ರ ಪುಡಿಯ ಮಬ್ಬನ್ನು ಪಾಚಿ ಅಂತ ಎಣಿಸಿತ್ತು. ಅವತ್ತಿನಿಂದ ಪತ್ರಹರಿತ್ತನ್ನು ಬೇರೆ ತೆಗೆದು ಅಳೆಯುವುದು ಮತ್ತು ಕಣ್ಣಲ್ಲಿ ನೋಡಿ ಎಣಿಸುವುದು, ಎರಡನ್ನೂ ನಾನು ಬಿಟ್ಟಿಲ್ಲ. ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತೇನೆ.

ಕೋಶ ಗಂಟಿನಲ್ಲಿ ಸಿಕ್ಕಿಬೀಳುವುದನ್ನು ಟ್ಯಾಲಿನ್ ತಂಡವೂ ಗುರುತಿಸಿದೆ. 'ಪುಡಿ ನೆರಳು ಮಾಡುತ್ತದೆ, ಬೆಳಕಿಲ್ಲದೆ ಪಾಚಿ ಸೊರಗುತ್ತದೆ' ಅನ್ನುವ ಅನುಮಾನವನ್ನೂ ಅವರು ಪರೀಕ್ಷಿಸಿದರು. ಅಂಥ ನೆರಳಿನಿಂದ ಆದದ್ದು ಲೆಕ್ಕಕ್ಕೆ ಬಾರದಷ್ಟು. ಅವರ ನ್ಯಾನೋ ಟೈಟಾನಿಯಂ ಪುಡಿ ಹಾಕಿದಾಗ ಬೆಳವಣಿಗೆ ಅರ್ಧಕ್ಕೆ ಇಳಿಯಲು ಲೀಟರಿಗೆ 5.83 ಮಿಲಿಗ್ರಾಂ ಟೈಟಾನಿಯಂ ಬೇಕಾಯಿತು. ಸತುವಿಗೆ ಹೋಲಿಸಿದರೆ ಇದು ಸಾಧು. ವೆಲ್ಲೂರಿನ ವಿಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸಿಹಿನೀರಿನ ಕ್ಲೋರೆಲ್ಲಾ, ಸೀನೆಡೆಸ್ಮಸ್ ಪಾಚಿಗಳ ಮೇಲೆ ಮಾಡಿದ ಕೆಲಸದಲ್ಲಿ ಟೈಟಾನಿಯಂನ ದಪ್ಪ ಪುಡಿಗಿಂತ ನ್ಯಾನೋ ಪುಡಿಯೇ ಹೆಚ್ಚು ತೊಂದರೆ ಕೊಟ್ಟಿತು.

ಆದರೆ ಈ ಸಾಧು ಪುಡಿಗೆ ಇನ್ನೊಂದು ಗುಣ ಇದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಅದು ಎಚ್ಚರಗೊಳ್ಳುತ್ತದೆ. ಮೈ ಮೇಲೆ ನೀರು ಮತ್ತು ಆಮ್ಲಜನಕದಿಂದ ಆ ಚುರುಕು ರೂಪಗಳನ್ನು ಹುಟ್ಟಿಸುತ್ತದೆ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಈ ಪುಡಿಯ ವಸ್ತು ಬೆಳಕಿನಲ್ಲಿ ನೀರನ್ನೇ ಒಡೆಯುತ್ತದೆ ಅಂತ ತೋರಿಸಿದ್ದರು. ಅದರ ಸುದ್ದಿ ಪಾಚಿ ಪ್ರಯೋಗ ಮಾಡುವ ಕೋಣೆಗೆ ಬರಲು ತುಂಬಾ ಕಾಲ ಹಿಡಿಯಿತು. ಯಾಕೆಂದರೆ ಆ ಕೋಣೆಯಲ್ಲಿ ಇರುವುದು ಟ್ಯೂಬ್‌ಲೈಟು. ಅದರಲ್ಲಿ ನೇರಳಾತೀತ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಒಂದು ತಂಡದ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. 2010ರಲ್ಲಿ ಅವರು ನಾಲ್ಕು ಜಾತಿಯ ಸಮುದ್ರ ಪಾಚಿಗಳಿಗೆ ಸತು ಮತ್ತು ಟೈಟಾನಿಯಂ ಪುಡಿ ಹಾಕಿದರು. ಸತು ನಾಲ್ಕನ್ನೂ ಕುಗ್ಗಿಸಿತು. ಟೈಟಾನಿಯಂ ಏನೂ ಮಾಡಲಿಲ್ಲ. 2012ರಲ್ಲಿ ಅದೇ ತಂಡ, ಈ ಸಲ ಹೊರಗಿನ ಬಿಸಿಲಿನಲ್ಲಿ ಇರುವಂಥ ನೇರಳಾತೀತ ಕಿರಣ ಸೇರಿಸಿ ನೋಡಿದರು. ಟೈಟಾನಿಯಂ ವಿಷವಾಯಿತು. ಕಿರಣ ತಡೆದು ನೋಡಿದರು. ಮತ್ತೆ ಏನೂ ಆಗಲಿಲ್ಲ. ತಾವೇ 'ಏನೂ ಆಗಲಿಲ್ಲ' ಅಂತ ಬರೆದ ಮೇಲೆ ಎರಡೇ ವರ್ಷಕ್ಕೆ ಮತ್ತೆ ಹೋಗಿ ಕೇಳಿದ್ದಾರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ. ಹೊಳೆ ಮೇಲೆ ಟ್ಯೂಬ್‌ಲೈಟ್ ಇರುವುದಿಲ್ಲ. ಸೂರ್ಯ ಇರುತ್ತಾನೆ.

ಸನ್‌ಸ್ಕ್ರೀನ್ ಮಾಡುವವರಿಗೆ ಈ ಗುಣ ಗೊತ್ತು. ಹಾಗಾಗಿ ಕಣದ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾದ ಒಂದು ಹೊದಿಕೆ ಕೊಡುತ್ತಾರೆ. ನೀರಿನಲ್ಲಿ ಬಿದ್ದು ದಿನ ಕಳೆದಂತೆ ಆ ಹೊದಿಕೆ ಸವೆಯಬಹುದು. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಹಳೆ ಡ್ಯಾನ್ಯೂಬ್ ಅನ್ನುವ ಒಂದು ಕೆರೆ ಇದೆ. ಬೇಸಿಗೆಯಲ್ಲಿ ಊರಿಗೆ ಊರೇ ಈಜಲು ಬರುತ್ತದೆ. ಸನ್‌ಸ್ಕ್ರೀನಿನ ಟೈಟಾನಿಯಂ ಕಣ ನೀರಿಗೆ ಬರುತ್ತದೆಯೇ ಅಂತ ಅಲ್ಲಿ ಒಂದು ವರ್ಷ ನೀರು ತೆಗೆದು ನೋಡಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಮನೆಯ ಹೊರಗೋಡೆಯ ಬಣ್ಣದಿಂದ ಮಳೆನೀರಿನ ಜೊತೆ ಈ ಕಣ ಹಳ್ಳ ಸೇರುವುದನ್ನು 2008ರಲ್ಲೇ ತೋರಿಸಿದ್ದಾರೆ.

ಹವಳದ ದಿಬ್ಬಗಳಿಗೆ ಹಾನಿ ಅಂತ ಹವಾಯಿ, ಪಲಾವ್ ದ್ವೀಪಗಳು ಕೆಲವು ಸನ್‌ಸ್ಕ್ರೀನ್ ರಾಸಾಯನಿಕಗಳನ್ನು ನಿಷೇಧಿಸಿದವು. ಅದರ ಜಾಗಕ್ಕೆ ಸತು ಮತ್ತು ಟೈಟಾನಿಯಂ ಇರುವ ಸನ್‌ಸ್ಕ್ರೀನನ್ನು 'ಸಮುದ್ರಕ್ಕೆ ಒಳ್ಳೆಯದು' ಅಂತ ಮಾರುತ್ತಾರೆ. ಹವಳದ ಒಳಗೆ ವಾಸಿಸಿ ಅದಕ್ಕೆ ಅನ್ನ ಕೊಡುವುದೂ ಒಂದು ಪಾಚಿಯೇ. ಸತು ಪಾಚಿಗೆ ಏನು ಮಾಡುತ್ತದೆ ಅಂತ ಈಗ ನಿಮಗೆ ಗೊತ್ತಿದೆ. ಆ ಚೀಟಿ ಅಂಟಿಸುವ ಮುಂಚೆ ಪಾಚಿಯನ್ನು ಕೇಳಬೇಕಿತ್ತು.

ನಿಮ್ಮನ್ನು ಹೆದರಿಸಿ ಕಳಿಸಲು ನನಗೆ ಇಷ್ಟವಿಲ್ಲ. ಫ್ಲಾಸ್ಕಿನ ಅಂಕಿ ಬೇರೆ, ಹೊಳೆಯ ಅಂಕಿ ಬೇರೆ. ಯುರೋಪಿನ ನದಿಗಳಲ್ಲಿ ನ್ಯಾನೋ ಸತುವಿನ ಆಕ್ಸೈಡ್ ಎಷ್ಟಿರಬಹುದು ಅಂತ 2009ರಲ್ಲಿ ಲೆಕ್ಕ ಹಾಕಿದಾಗ ಲೀಟರಿಗೆ ಒಂದು ಮೈಕ್ರೋಗ್ರಾಂನ ನೂರನೇ ಒಂದು ಭಾಗದ ಆಸುಪಾಸು ಬಂತು. ಮೈಕ್ರೋಗ್ರಾಂ ಅಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗ. ಪಾಚಿಯನ್ನು ಅರ್ಧಕ್ಕೆ ಇಳಿಸುವ ಅಳತೆಗಿಂತ ಇದು ಸಾವಿರಾರು ಪಟ್ಟು ಕಡಿಮೆ. ನ್ಯಾನೋ ಕಣದಿಂದ ಹೊಳೆಗಳು ಸಾಯುತ್ತಿವೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಸತು ಬರುವುದು ಅಲ್ಲಿಂದ ಮಾತ್ರವಲ್ಲ. ವಾಹನದ ಟೈರಿನ ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಇದೆ, ಸವೆದದ್ದೆಲ್ಲ ರಸ್ತೆಯಿಂದ ಚರಂಡಿಗೆ ಹೋಗುತ್ತದೆ. ಜಿಂಕ್ ಶೀಟಿನ ಮಾಡಿನಿಂದ ಮಳೆನೀರು ಇಳಿಯುತ್ತದೆ. ಎಲ್ಲ ಕೂಡಿ ಒಂದೇ ಲೆಕ್ಕಕ್ಕೆ ಸೇರುತ್ತದೆ.

ನೀರೂ ಒಂದೇ ಥರ ಇರುವುದಿಲ್ಲ. ಕೋಲಾರದ ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಕಲೆ ಕೂರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಜಾಸ್ತಿ. ಅವು ಪಾಚಿಯ ಬಾಗಿಲಲ್ಲಿ ಸತುವಿನ ಜೊತೆ ನೂಕಾಡುತ್ತವೆ, ಸತು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ನಿಮ್ಮ ಘಟ್ಟದ ಹಳ್ಳದ ನೀರು ಮೆದು. ಸ್ವಲ್ಪ ಹುಳಿ ಕಡೆಗೂ ಇರುತ್ತದೆ. ಹುಳಿ ನೀರಿನಲ್ಲಿ ಸತುವಿನ ಆಕ್ಸೈಡ್ ಬೇಗ ಕರಗುತ್ತದೆ, ತಡೆಯಲು ಕ್ಯಾಲ್ಸಿಯಂ ಕೂಡ ಕಡಿಮೆ. ಇನ್ನೊಂದು ಕಡೆ, ಕಾಡಿನ ಎಲೆ ಕೊಳೆತು ಬರುವ ಕಂದು ರಸ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಪುಡಿಗೆ ಕೋಲಾರದಲ್ಲಿ ಒಂದು ಉತ್ತರ, ಇಲ್ಲಿ ಇನ್ನೊಂದು ಉತ್ತರ ಬರಬಹುದು. ನಮ್ಮ ನೀರು, ನಮ್ಮ ಪಾಚಿ, ನಮ್ಮ ಬಿಸಿಲು ಇಟ್ಟುಕೊಂಡು ನೋಡುವವರು ಬೇಕು. ನಾರ್ವೆಯ ಪಾಚಿ ಒಂದೇ ಎಲ್ಲದಕ್ಕೂ ಉತ್ತರ ಹೇಳಲಾರದು. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ಆ ಕೆಲಸ ಮಾಡುವ ಆಸೆ ಹುಟ್ಟಲಿ ಅಂತಲೇ ನಾನು ಇಷ್ಟು ದೂರ ಬಂದದ್ದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ತೋಟ ಮಾಡುವವರು. 'ತಂಗಿ, ನಮ್ಮ ಅಪ್ಪಯ್ಯ ಕತ್ತಿ ಅದ್ದಿ ನೋಡುತ್ತಿದ್ದರು. ನಾನೂ ನೋಡುತ್ತೇನೆ. ಸತು ಬಿಡಿಯಾಗಿದೆಯೋ ಇಲ್ಲವೋ ಅಂತ ನೋಡಲು ಏನು ಅದ್ದಬೇಕು?' ಅಂತ ಕೇಳಿದರು.

ಅವತ್ತು ಬಂದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು. ಕಬ್ಬಿಣಕ್ಕಿಂತ ತಾಮ್ರ ಮಂದ, ಹಾಗಾಗಿ ಕಬ್ಬಿಣ ಬಿಟ್ಟುಕೊಟ್ಟ ಜಾಗದಲ್ಲಿ ಬಂದು ಕೂರುತ್ತದೆ. ಸತು ಕಬ್ಬಿಣಕ್ಕಿಂತ ಚುರುಕು, ಅದು ಕೂರುವುದಿಲ್ಲ. ನೀರಿನ ತುಂಬ ಸತು ಇದ್ದರೂ ಕತ್ತಿ ಹೊಳೆಯುತ್ತಲೇ ಮೇಲೆ ಬರುತ್ತದೆ. ಹೀಗಂತ ಹೇಳಿದೆ. ದೊಡ್ಡ ಯಂತ್ರ ಬೇಕು, ಇಲ್ಲವೇ ಪಾಚಿ ಬೇಕು ಅಂದೆ.

'ಹಾಗಾದರೆ ನಮ್ಮ ತೋಟದ ಕೆಳಗಿನ ಹಳ್ಳದ ನೀರು ತಂದುಕೊಟ್ಟರೆ ನಿಮ್ಮ ಪಾಚಿಗೆ ಹಾಕಿ ನೋಡುತ್ತೀರಾ?'

ತನ್ನಿ ಅಂದೆ. ಮಾರನೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಎರಡು ಬಾಟಲಿ ಬಂತು. ಒಂದು ಹಳ್ಳದ್ದು, ಇನ್ನೊಂದು ತೋಟಕ್ಕಿಂತ ಮೇಲೆ, ಕಾಡಿನಂಚಿನಲ್ಲಿ ಹಿಡಿದದ್ದು. ಹೋಲಿಸಿ ನೋಡಲು ಮೇಲಿನ ನೀರೂ ಬೇಕಾಗುತ್ತದೆ ಅಂತ ನಾನು ಹೇಳಿರಲಿಲ್ಲ.